ತಿರುವಿನ ಹೊರಮಗ್ಗುಲು ಬೇಡ

ಪ್ರಶ್ನೆ: ಐಲ್ ಆಫ್ ಮ್ಯಾನ್ ಟಿಟಿ ಬೈಕ್ ರೇಸ್ ನೋಡುವವರು ಎಲ್ಲಿ ನಿಂತರೆ ಸುರಕ್ಷಿತ?

ಉತ್ತರ: ತಿರುವಿನ ಹೊರಮಗ್ಗುಲನ್ನು ಬಿಟ್ಟು, ರಸ್ತೆಯಿಂದ ದೂರದ ಎತ್ತರದ ಜಾಗದಲ್ಲಿ. ಹಿಡಿತ ತಪ್ಪಿದ ಬೈಕು ರಸ್ತೆಯ ಜೊತೆ ತಿರುಗುವುದಿಲ್ಲ, ಇದ್ದ ದಿಕ್ಕಿನಲ್ಲೇ ನೇರ ನುಗ್ಗುತ್ತದೆ. ಇಲ್ಲಿನ ಸುಮಾರು 60 ಕಿ.ಮೀ. ಸುತ್ತು ದಿನನಿತ್ಯದ ಸಾರ್ವಜನಿಕ ರಸ್ತೆಯೇ. ಅಂಚಿಗೇ ಕಲ್ಲುಗೋಡೆ, ಬೇಲಿ, ಮನೆ. ಎಚ್ಚರವಾಗಿದ್ದರೆ ಪಕ್ಕಕ್ಕೆ ಹಾರಬಹುದಲ್ಲ ಎನ್ನುವವರಿದ್ದಾರೆ. ಗಂಟೆಗೆ 200 ಕಿ.ಮೀ. ವೇಗದ ಬೈಕು ಒಂದೇ ಸೆಕೆಂಡಿಗೆ 55 ಮೀಟರ್ ದಾಟುತ್ತದೆ. ಅಪಾಯ ಅರಿವಾಗುವಷ್ಟರಲ್ಲಿ ಅದು ಮೈಮೇಲಿರುತ್ತದೆ. ಗೋಡೆ ಕಾಯುತ್ತದೆ ಎಂಬ ನಂಬಿಕೆಯೂ ಅರೆಬರೆ: ಬೈಕು ನಿಂತರೂ ಸಿಡಿದ ಚಕ್ರ, ಲೋಹದ ಚೂರು ಗೋಡೆ ಹಾರಿ ಬರಬಲ್ಲವು. 2007ರಲ್ಲಿ ಒಬ್ಬ ಸವಾರನೊಂದಿಗೆ ಇಬ್ಬರು ಪ್ರೇಕ್ಷಕರೂ ಇಲ್ಲಿ ಸತ್ತರು. ಹಾಗಾಗಿ ನಿಷೇಧದ ಫಲಕವಿದ್ದಲ್ಲಿ ದಯವಿಟ್ಟು ಕೂರಬೇಡಿ. ಮಾರ್ಷಲ್‌ಗಳು ಎದ್ದೇಳಿ ಎಂದರೆ ವಾದಿಸದೆ ಏಳಿ. ರಸ್ತೆ ತೆರೆದಿದೆ ಎಂದು ಅವರು ಹೇಳುವವರೆಗೆ ದಾಟಬೇಡಿ.