ಕ್ಲೈಡ್‌ಬ್ಯಾಂಕಿನ 534

‘ಕ್ವೀನ್ ಮೇರಿ’ ಹಡಗು ಎಂದೊಡನೆ ಕಪ್ಪು ತುದಿಯ ಮೂರು ಕೆಂಪು ಚಿಮಣಿ, ಸಿನಿಮಾ ತಾರೆಯರು, ವೈಭವದ ಊಟದ ಸಭಾಂಗಣ ನೆನಪಾಗುತ್ತವೆ. ಆದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನವರಿಗೆ ಅದು ಮೊದಲು 534. ಜಾನ್ ಬ್ರೌನ್ ಕಂಪನಿಯ ಶಿಪ್‌ಯಾರ್ಡ್‌ನಲ್ಲಿ ಆ ಹಡಗಿಗೆ ಕೊಟ್ಟಿದ್ದ ಕೆಲಸದ ನಂಬರು ಅದು. ಈ ಹಡಗಿನ ಕಥೆಯನ್ನು ಊರಿನ ಕಡೆಯಿಂದಲೇ ಹೇಳಬೇಕು ಎನ್ನುವುದು ನನ್ನ ನಂಬಿಕೆ.

ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ವಾರಕ್ಕೊಮ್ಮೆ ಹಡಗು ಬಿಡಲು ಕ್ಯುನಾರ್ಡ್ ಕಂಪನಿಗೆ ಮೂರು ಹಡಗುಗಳು ಬೇಕಾಗುತ್ತಿದ್ದವು. 28 ನಾಟ್‌ಗಿಂತ ಹೆಚ್ಚು ವೇಗ ಸಿಕ್ಕರೆ ಎರಡೇ ಸಾಕು. ಆ ಲೆಕ್ಕಾಚಾರದಿಂದ ಹುಟ್ಟಿದ್ದು ಸಾವಿರ ಅಡಿಗೂ ಉದ್ದದ, 80 ಸಾವಿರ ಟನ್ ದಾಟಿದ ಈ ಹಡಗು. ಕೆಲಸ ಶುರುವಾದದ್ದು 1930ರ ಡಿಸೆಂಬರಿನಲ್ಲಿ. ಸರಿಯಾಗಿ ವರ್ಷ ಕಳೆಯುವಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಅದನ್ನು ನಿಲ್ಲಿಸಿತು. ಕ್ರಿಸ್‌ಮಸ್‌ಗೆ ಎರಡು ವಾರ ಇರುವಾಗ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಮುಂದಿನ ಎರಡೂಕಾಲು ವರ್ಷ ಅರ್ಧ ಕಟ್ಟಿದ ಉಕ್ಕಿನ ಒಡಲು ಊರಿನ ಮನೆಗಳ ಮೇಲೆ ತಲೆಯೆತ್ತಿ ನಿಂತು ತುಕ್ಕು ಹಿಡಿಯಿತು. ಬಾಗಿಲು ತೆರೆದರೆ ಕಾಣುವುದು ಕೈತಪ್ಪಿದ ತಮ್ಮದೇ ದುಡಿಮೆ.

ಆ ಭಾಗದ ಸಂಸದ ಡೇವಿಡ್ ಕರ್ಕ್‌ವುಡ್ ಪಾರ್ಲಿಮೆಂಟಿನಲ್ಲಿ ಸರ್ಕಾರದ ಬೆನ್ನುಬಿಡಲಿಲ್ಲ. ಕೊನೆಗೆ ಸರ್ಕಾರ ಸಾಲ ಕೊಡಲು ಒಪ್ಪಿತು. ಕ್ಯುನಾರ್ಡ್ ಕಂಪನಿಯು ಪ್ರತಿಸ್ಪರ್ಧಿ ವೈಟ್ ಸ್ಟಾರ್ ಜೊತೆ ವಿಲೀನವಾಗಬೇಕೆಂಬುದು ಷರತ್ತು. 1934ರ ಏಪ್ರಿಲ್‌ನಲ್ಲಿ ಕೆಲಸಗಾರರು ಬ್ಯಾಗ್‌ಪೈಪ್ ವಾದ್ಯದವರ ಹಿಂದೆ ಮೆರವಣಿಗೆಯಲ್ಲಿ ಯಾರ್ಡಿನೊಳಕ್ಕೆ ನಡೆದರು. ಮೊದಲು ಮಾಡಬೇಕಾಗಿ ಬಂದದ್ದು ತುಕ್ಕು ಕೆರೆಯುವ ಕೆಲಸ.

ಕ್ಲೈಡ್ ಅಲ್ಲಿ ಅಗಲವಾದ ನದಿಯಲ್ಲ. ಇಷ್ಟು ಉದ್ದದ ಹಡಗು ಜಾರಿ ನೀರಿಗಿಳಿದರೆ ಎದುರು ದಡಕ್ಕೆ ಬಡಿಯಬೇಕು. ಅದಕ್ಕೇ ಉಪನದಿ ಕಾರ್ಟ್ ಬಂದು ಕೂಡುವ ಕಡೆಗೆ ಹಡಗಿನ ಹಿಂಬದಿಯನ್ನು ತಿರುಗಿಸಿ ಕಟ್ಟಿದ್ದರು. ಜಾರುವಾಗ ಹಿಡಿದು ನಿಲ್ಲಿಸಲು ಎರಡು ಸಾವಿರ ಟನ್ನಿಗೂ ಮೀರಿದ ಸರಪಳಿ ಕಟ್ಟಿದರು. 1934ರ ಸೆಪ್ಟೆಂಬರ್ 26ರಂದು, ಸುರಿಯುವ ಮಳೆಯಲ್ಲಿ, ರಾಣಿ ಮೇರಿ ತಮ್ಮದೇ ಹೆಸರಿಟ್ಟು ಹಡಗನ್ನು ನೀರಿಗಿಳಿಸಿದರು. ಒಂದು ಊರಿನ ಜಾಣ್ಮೆ ಎಷ್ಟಿತ್ತು ಎಂಬುದಕ್ಕೆ ನನಗೆ ಆ ಕೆಲವು ಕ್ಷಣಗಳೇ ಸಾಕು.

1936ರ ಮೇ 27ರಂದು ಮೊದಲ ಯಾನ. 1938ರಲ್ಲಿ ಫ್ರಾನ್ಸಿನ ‘ನಾರ್ಮಂಡಿ’ಯಿಂದ ಅಟ್ಲಾಂಟಿಕ್ ವೇಗದ ದಾಖಲೆಯನ್ನು ಮರಳಿ ಗೆದ್ದಿತು; ಅದು 1952ರವರೆಗೆ ಉಳಿಯಿತು.

ಎರಡನೆಯ ಮಹಾಯುದ್ಧ ಬಂದಾಗ ಬೂದು ಬಣ್ಣ ಬಳಿದುಕೊಂಡು ಸೈನಿಕರನ್ನು ಹೊತ್ತಿತು. ವೇಗವೇ ರಕ್ಷಣೆ, ಜರ್ಮನ್ ಸಬ್‌ಮೆರಿನ್‌ಗಳಿಗೆ ಇದು ಸಿಗಲಿಲ್ಲ. 1943ರ ಜುಲೈನ ಒಂದೇ ಯಾನದಲ್ಲಿ 16,683 ಜನರಿದ್ದರು. ಆದರೆ ಅದೇ ವೇಗ 1942ರ ಅಕ್ಟೋಬರ್ 2ರಂದು ಐರ್ಲೆಂಡಿನ ಬಳಿ ಕಾವಲಿಗೆ ಬಂದ ಬ್ರಿಟನ್ನಿನದೇ ಯುದ್ಧನೌಕೆ ‘ಕ್ಯುರಸೋ’ವನ್ನು ಎರಡಾಗಿ ಸೀಳಿತು. ಎಲ್ಲಿಯೂ ನಿಲ್ಲಬಾರದೆಂಬ ಆಜ್ಞೆಯಿತ್ತು; ಕ್ವೀನ್ ಮೇರಿ ನಿಲ್ಲಲಿಲ್ಲ. ಮುನ್ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಯುದ್ಧ ಮುಗಿಯುವವರೆಗೆ ಸುದ್ದಿಯನ್ನು ಮುಚ್ಚಿಟ್ಟರು.

ವಿಮಾನಗಳು ಪ್ರಯಾಣಿಕರನ್ನು ಸೆಳೆದುಕೊಂಡ ಮೇಲೆ, 1967ರಲ್ಲಿ ಅಮೆರಿಕದ ಲಾಂಗ್ ಬೀಚ್ ನಗರ ಇದನ್ನು ಕೊಂಡುಕೊಂಡಿತು. ಈಗ ಹೋಟೆಲು, ಮ್ಯೂಸಿಯಂ. ಹೋಟೆಲಿಗೆ ಜಾಗ ಮಾಡುವಾಗ ಬಾಯ್ಲರ್‌ಗಳನ್ನೆಲ್ಲ ಕಿತ್ತು ತೆಗೆದರು. ಕುಶಲಿಗಳ ಅಷ್ಟು ಶ್ರಮ ಹಾಗೆ ಗುಜರಿಗೆ ಹೋದದ್ದು ನನಗೆ ಇಂದಿಗೂ ಸಂಕಟದ ವಿಷಯ. ಹಿಂಬದಿಯ ಎಂಜಿನ್ ಕೋಣೆಯೊಂದನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಅಲ್ಲಿಗೆ ಹೋಗುವವರು ಸಭಾಂಗಣಕ್ಕಿಂತ ಮೊದಲು ಕೆಳಗಿಳಿದು ಅದನ್ನು ನೋಡಲಿ.