ಜ್ವರದ ಔಷಧಕ್ಕೂ ಲೆಕ್ಕ ಬೇಕು

ಯಮನೂರಿನಂಥ ಊರುಗಳಲ್ಲಿ ಮಗುವಿಗೆ ಜ್ವರ ಬಂದರೆ ಬಾಟಲಿಯ ಮೇಲಿನ ಬರಹ ಓದುವ ಕೆಲಸ ಕಾಲೇಜು ಕಲಿಯುವ ಅಣ್ಣ ಇಲ್ಲವೆ ಅಕ್ಕನ ಪಾಲಿಗೆ ಬರುತ್ತದೆ. ಅವರಲ್ಲೂ ಎಷ್ಟೋ ಮಂದಿಗೆ ಮಿಲಿಗ್ರಾಂ, ಮಿಲಿಲೀಟರ್ ಎರಡೂ ಒಂದೇ! 2024ರ ‘ಅಸರ್’ ಸಮೀಕ್ಷೆಯಂತೆ ದೇಶದ ಹಳ್ಳಿಗಳ ಐದನೆಯ ತರಗತಿಯ ಮಕ್ಕಳಲ್ಲಿ ಭಾಗಾಕಾರ ಬಲ್ಲವರು ಶೇ. 30.7 ಮಾತ್ರ. ಮೊಬೈಲ್ ಲೆಕ್ಕ ಮಾಡುತ್ತದೆ, ನಿಜ. ಯಾವ ಅಂಕಿ ಒತ್ತಬೇಕೆಂಬುದು ನಮಗೆ ತಿಳಿದಿರಬೇಕಲ್ಲ!

ಪ್ಯಾರಾಸಿಟಮಾಲ್ ಅನ್ನೇ ನೋಡಿ. ಒಂದು ಸಲಕ್ಕೆ ಮಗುವಿನ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ ಮೀರಬಾರದು. ಹತ್ತು ಕಿಲೋ ತೂಗುವ ಮಗುವಿಗೆ 150 ಆಯಿತು. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪಾದರೆ ಇದು 6 ಮಿಲಿಲೀಟರ್; 250 ಇರುವುದಾದರೆ ಮೂರೇ. ಹಸುಗೂಸುಗಳ ಡ್ರಾಪ್ಸ್ ಇನ್ನೂ ಗಟ್ಟಿ: ಒಂದೇ ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ. ಅದನ್ನೂ ಸಿರಪ್ಪಿನಂತೆ 6 ಮಿಲಿಲೀಟರ್ ಕುಡಿಸಿದರೆ ನಾಲ್ಕು ಪಟ್ಟು ಔಷಧ ಹೊಟ್ಟೆ ಸೇರಿತು. ಹೀಗೆ ಮತ್ತೆ ಮತ್ತೆ ಆದರೆ ಲಿವರ್ ಕೆಡುತ್ತದೆ.

ಮಗುವಿನ ತೂಕ ಬರೆದಿಡಿ. ಅಡಿಗೆಮನೆಯ ಚಮಚ ಬೇಡ, ಬಾಟಲಿಯೊಂದಿಗೆ ಬರುವ ಅಳತೆಯನ್ನೇ ಬಳಸಿ. ಲೆಕ್ಕವನ್ನು ಕಾಗದದ ಮೇಲೆ ಮಾಡಿ ವೈದ್ಯರಿಗೆ ತೋರಿಸಿ. ಔಷಧ ಹೆಚ್ಚಾಯಿತೆಂಬ ಸಂಶಯ ಬಂದರೆ, ಮಗು ಆಡುತ್ತಿದ್ದರೂ ಕಾಯದೆ ಬಾಟಲಿ ಸಮೇತ ನವಲಗುಂದ ತಾಲೂಕು ಆಸ್ಪತ್ರೆಗೆ ಹೋಗಿ. ಮೊದಲ ದಿನ ಲಕ್ಷಣ ಕಾಣದೆಯೂ ಇರಬಹುದು.