ಬಸವನಗುಡಿಯ ಬುಧವಾರದ ಉಪನ್ಯಾಸ

ಬೆಂಗಳೂರು ಸೈನ್ಸ್ ಫೋರಂ ಹುಟ್ಟಿದ್ದು 1962ರಲ್ಲಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ. ಬುಧವಾರ ಸಂಜೆ ಆರು ಗಂಟೆಗೆ ವಿಜ್ಞಾನದ ಯಾವುದಾದರೊಂದು ವಿಷಯದ ಮೇಲೆ ಉಪನ್ಯಾಸ, ಕೊನೆಯಲ್ಲಿ ಸಭಿಕರ ಪ್ರಶ್ನೆ. ಪ್ರವೇಶಕ್ಕೆ ಹಣವಿಲ್ಲ, ಪದವಿಯ ಹಂಗಿಲ್ಲ. ಅಕ್ಕಪಕ್ಕದ ಜಯನಗರ, ಬನಶಂಕರಿ, ಚಾಮರಾಜಪೇಟೆಗಳ ಎಷ್ಟೋ ಮನೆಗಳಲ್ಲಿ ತಂದೆ ಕೇಳಿ ಬಂದ ಸಭೆಗೆ ಮಗಳು, ಮೊಮ್ಮಗ ಹೋಗುವಷ್ಟು ಕಾಲ ಈ ಕ್ರಮ ನಡೆದುಬಂದಿದೆ. ದಕ್ಷಿಣ ಬೆಂಗಳೂರಿಗೆ ಇದನ್ನು ಕೊಟ್ಟವರು ಆಗ ಆ ಕಾಲೇಜಿನ ಪ್ರಾಂಶುಪಾಲರಾಗಿದ್ದ ಡಾ. ಎಚ್. ನರಸಿಂಹಯ್ಯ. ಊರಿಗೆಲ್ಲ ಅವರು ಎಚ್ಚೆನ್. ಗಾಂಧಿವಾದಿ, ವಿಚಾರವಾದಿ, ಕುಲಪತಿ ಎಂದೆಲ್ಲ ಅವರನ್ನು ನೆನೆಯುವವರು ಬಹಳ. ಓದಿನಿಂದ ಅವರು ಪರಮಾಣು ಬೀಜದ ಭೌತವಿಜ್ಞಾನಿ ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ಎಚ್ಚೆನ್ ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. ಊರಿನಲ್ಲಿ ಮುಂದೆ ಓದಲು ಶಾಲೆ ಇರಲಿಲ್ಲ. ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣ ಚಳವಳಿಯ ಪ್ರೇರಣೆಯಿಂದ 1917ರಲ್ಲಿ ಶುರುವಾದ ಶಾಲೆ ಅದು. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದಾಗ 1942ರ ಚಳವಳಿ ಬಂತು. ಓದು ಬಿಟ್ಟು ಜೈಲಿಗೆ ಹೋದರು, ಹೊರಬಂದ ಮೇಲೆ ಓದು ಮುಗಿಸಿದರು. 1946ರಲ್ಲಿ, ಆಗಷ್ಟೇ ಒಂದು ವರ್ಷ ತುಂಬಿದ್ದ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು. ಅಲ್ಲಿಂದ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಬೈಜಿಕ ಭೌತವಿಜ್ಞಾನದಲ್ಲಿ ಸಂಶೋಧನೆ ಮಾಡಿ 1960ರಲ್ಲಿ ಡಾಕ್ಟರೇಟ್ ಪಡೆದರು.

ಆ ಪದವಿ ಹಿಡಿದು ಆ ಕಾಲದಲ್ಲಿ ಮರಳಿದವರಿಗೆ ದಾರಿ ಸಿದ್ಧವಾಗಿತ್ತು. ಮುಂಬೈ ಬಳಿಯ ಟ್ರಾಂಬೆಯಲ್ಲಿ ಏಷ್ಯಾದ ಮೊದಲ ಸಂಶೋಧನಾ ರಿಯಾಕ್ಟರುಗಳಲ್ಲೊಂದಾದ ಅಪ್ಸರಾ 1956ರ ಆಗಸ್ಟ್‌ನಲ್ಲಿ ಚಾಲೂ ಆಗಿತ್ತು. ಹೋಮಿ ಭಾಭಾ ದೇಶವಿದೇಶಗಳಿಂದ ತರುಣ ವಿಜ್ಞಾನಿಗಳನ್ನು ಆರಿಸಿ ತರುತ್ತಿದ್ದರು. ಎಚ್ಚೆನ್ ಮಾತ್ರ ಬಸವನಗುಡಿಯ ತರಗತಿಗೇ ವಾಪಸಾದರು. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಬದುಕು ಕಳೆದರು, ಮದುವೆಯಾಗಲಿಲ್ಲ. ಪ್ರಯೋಗಾಲಯಕ್ಕೆ ಒಬ್ಬ ಸಂಶೋಧಕ ಕಡಿಮೆಯಾದ, ಊರಿಗೆ ಒಬ್ಬ ಮೇಷ್ಟ್ರು ಸಿಕ್ಕಿದ. ಅರವತ್ತು ವರ್ಷಗಳ ಉಪನ್ಯಾಸಗಳನ್ನು ಮುಂದಿಟ್ಟುಕೊಂಡು ನೋಡಿದರೆ ಕರ್ನಾಟಕಕ್ಕೆ ಇದರಿಂದ ಲಾಭವೇ ಆಯಿತು.

ಫೋರಂ ಶುರುವಾದ ವರ್ಷವೂ ಗಮನಿಸಬೇಕಾದದ್ದು. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ಜಗಳದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದು ನಿಂತಿದ್ದವು. ವಾತಾವರಣದಲ್ಲಿ ಬಾಂಬು ಪರೀಕ್ಷೆ ನಿಲ್ಲಿಸುವ ಒಪ್ಪಂದಕ್ಕೆ ಇನ್ನೂ ಒಂದು ವರ್ಷವಿತ್ತು. ಪತ್ರಿಕೆ ಓದುವ ಸಾಮಾನ್ಯನಿಗೆ ಅಣು ಎಂದರೆ ಒಂದು ಕಡೆ ಭಯ, ಇನ್ನೊಂದು ಕಡೆ ಅಗ್ಗದ ವಿದ್ಯುತ್ತಿನ ಕನಸು. ಎರಡರ ನಡುವೆ ನಿಜಸಂಗತಿ ಹೇಳುವವರು ಬೇಕಿತ್ತು. ಅಣುವಿಗೆ ಮಾತ್ರವಲ್ಲ, ಔಷಧಿ, ಉಪಗ್ರಹ, ಬೆಳೆ, ಗ್ರಹಣ, ಎಲ್ಲಕ್ಕೂ ಬೇಕಿತ್ತು.

ಇಂಥ ಸಭೆಗಳು ಜಗತ್ತಿಗೆ ಹೊಸದೇನಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ 1825ರಲ್ಲಿ ಆರಂಭಿಸಿದ ಶುಕ್ರವಾರದ ಉಪನ್ಯಾಸಗಳು ಹೆಸರುವಾಸಿ. ಬೆಂಗಳೂರಿನಲ್ಲೇ ಸರ್ ಸಿ.ವಿ. ರಾಮನ್ ತಮ್ಮ ಸಂಸ್ಥೆಯಲ್ಲಿ ಅಕ್ಟೋಬರ್ 2ರ ಗಾಂಧಿ ಸ್ಮಾರಕ ಉಪನ್ಯಾಸವನ್ನು 1970ರಲ್ಲಿ ತೀರಿಕೊಳ್ಳುವ ಕೆಲವೇ ವಾರಗಳ ಮೊದಲಿನವರೆಗೂ ಕೊಟ್ಟರು. ಆದರೆ ಅದು ವರ್ಷಕ್ಕೊಮ್ಮೆ. ಪ್ರತಿ ವಾರ, ಅದೂ ಸಂಶೋಧನಾ ಸಂಸ್ಥೆಯ ಬೇಲಿಯೊಳಗಲ್ಲದೆ ಮಧ್ಯಮವರ್ಗದ ಬಡಾವಣೆಯ ಕಾಲೇಜಿನಲ್ಲಿ ನಡೆಯುವುದು ಫೋರಮ್ಮಿನ ವಿಶೇಷ.

ಉಪನ್ಯಾಸದ ರೀತಿ ಸರಳ. ಭಾರತೀಯ ವಿಜ್ಞಾನ ಸಂಸ್ಥೆಯಿಂದಲೋ ಇಸ್ರೋದಿಂದಲೋ ಆಸ್ಪತ್ರೆಯಿಂದಲೋ ಒಬ್ಬರು ಬರುತ್ತಾರೆ. ಒಂದು ಗಂಟೆಯಷ್ಟು ಮಾತು. ಸಭೆಯಲ್ಲಿ ಪಿಯುಸಿ ಹುಡುಗರಿರುತ್ತಾರೆ, ಮೇಷ್ಟ್ರುಗಳಿರುತ್ತಾರೆ, ಕಾರ್ಖಾನೆ, ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರು ಇರುತ್ತಾರೆ. ನಿಜವಾದ ಪರೀಕ್ಷೆ ಆಮೇಲಿನದು. ವಿಜ್ಞಾನಿಗಳ ಸಮ್ಮೇಳನದಲ್ಲಿ ಯಾರೂ ಕೇಳದ ಪ್ರಶ್ನೆ ಇಲ್ಲಿ ಏಳುತ್ತದೆ: ಅದು ಹಾಗೆಂದು ನಿಮಗೆ ಹೇಗೆ ಗೊತ್ತಾಯಿತು? ಮೂಲವನ್ನೇ ಕೆದಕುವ ಈ ಪ್ರಶ್ನೆಗೆ ಸಮೀಕರಣದ ಮರೆಯಲ್ಲಿ ನಿಂತು ಉತ್ತರ ಕೊಡಲಾಗದು.

ಪರಮಾಣು ಬೀಜದ ಸಂಶೋಧನೆಯನ್ನೇ ತೆಗೆದುಕೊಳ್ಳಬಹುದು. ಯುರೇನಿಯಂ 235ರ ಬೀಜ ಒಂದು ನಿಧಾನಗತಿಯ ನ್ಯೂಟ್ರಾನನ್ನು ನುಂಗಿದಾಗ ಅದು ನೀರಿನ ಹನಿಯಂತೆ ಅದುರಿ, ಉದ್ದವಾಗಿ, ನಡು ಸಣ್ಣಗಾಗಿ, ಎರಡು ಹೋಳಾಗುತ್ತದೆ. ಹೋಳುಗಳು ಸಾಮಾನ್ಯವಾಗಿ ಸಮನಾಗಿರುವುದಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು. ಜೊತೆಗೆ ಎರಡೋ ಮೂರೋ ಹೊಸ ನ್ಯೂಟ್ರಾನುಗಳು ಹೊರಬೀಳುತ್ತವೆ. ಅವು ಬೇರೆ ಬೀಜಗಳನ್ನು ಒಡೆಯುವುದರಿಂದಲೇ ಸರಪಳಿ ಕ್ರಿಯೆ ಸಾಗುವುದು. ಇಷ್ಟು ಪಠ್ಯಪುಸ್ತಕದಲ್ಲಿದೆ. ಆದರೆ ಆ ನ್ಯೂಟ್ರಾನುಗಳು ಹೊರಬರುವುದು ಬೀಜ ಒಡೆಯುವ ಕ್ಷಣದಲ್ಲೋ, ಒಡೆದ ಹೋಳುಗಳು ಸಿಡಿದು ಹಾರುತ್ತಿರುವಾಗಲೋ? ಕಣ್ಣಿಗೆ ಕಾಣದ, ಎಣಿಕೆಗೆ ಸಿಗದಷ್ಟು ಅಲ್ಪಕಾಲದಲ್ಲಿ ಮುಗಿಯುವ ಘಟನೆಯ ಬಗ್ಗೆ ಇದನ್ನು ಹೇಳುವುದು ಹೇಗೆ?

ಉತ್ತರ ದಿಕ್ಕಿನಲ್ಲಿದೆ. ಹಾರುವ ಹೋಳಿನಿಂದ ಬಿದ್ದ ನ್ಯೂಟ್ರಾನು ಹೋಳು ಸಾಗುವ ದಿಕ್ಕಿನಲ್ಲೇ ಹೆಚ್ಚಾಗಿ ಹೋಗುತ್ತದೆ. ಒಡೆಯುವ ಗಳಿಗೆಯಲ್ಲೇ ಹೊರಬಿದ್ದದ್ದಕ್ಕೆ ಆ ಒಲವು ಇರುವುದಿಲ್ಲ. ಹಾಗಾಗಿ ಹೋಳುಗಳ ದಿಕ್ಕು, ನ್ಯೂಟ್ರಾನುಗಳ ದಿಕ್ಕು, ಅವುಗಳ ವೇಗ, ಎಲ್ಲವನ್ನೂ ಒಟ್ಟಿಗೆ ಅಳೆದರೆ ಲೆಕ್ಕ ಸಿಗುತ್ತದೆ. 1960ರ ದಶಕದ ಆರಂಭದಲ್ಲಿ ಟ್ರಾಂಬೆಯಲ್ಲಿ ಈ ಅಳತೆಗಳನ್ನು ಮಾಡಿದ ತಂಡದ ಮುಂದಾಳು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. ಬಹುಪಾಲು ನ್ಯೂಟ್ರಾನುಗಳು ಹಾರುವ ಹೋಳುಗಳಿಂದ ಬರುತ್ತವೆ, ಸ್ವಲ್ಪ ಭಾಗ ಮಾತ್ರ ಒಡೆಯುವ ಗಳಿಗೆಯಲ್ಲಿ ಹೊರಬೀಳುತ್ತದೆ ಎಂದು ಅವರ ಕೆಲಸ ತೋರಿಸಿತು. 1963ರಲ್ಲಿ ರಾಮಣ್ಣನವರಿಗೆ ಭಟ್ನಾಗರ್ ಪ್ರಶಸ್ತಿ ಬಂತು.

ಜನ ರಾಮಣ್ಣನವರನ್ನು ನೆನೆಯುವುದು 1974ರ ಮೇ 18ರ ಪೋಖರಣ್ ಸ್ಫೋಟದೊಂದಿಗೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ ಅದರ ಹೊಣೆ ಹೊತ್ತವರು ಅವರು. 1983ರಿಂದ 87ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಅವರ ನಂತರ ಆ ಕುರ್ಚಿಗೆ ಬಂದ ಎಂ.ಆರ್. ಶ್ರೀನಿವಾಸನ್ ಕೂಡ ಬೆಂಗಳೂರಿನಲ್ಲೇ ಹುಟ್ಟಿ ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. 2025ರ ಮೇ ತಿಂಗಳಲ್ಲಿ ತೀರಿಕೊಂಡರು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ವಿಶ್ವಕಿರಣಗಳನ್ನು ಅರಸಿ ಕೋಲಾರದ ಚಿನ್ನದ ಗಣಿಗೆ ಇಳಿದರು. 1965ರಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಇಟ್ಟ ಉಪಕರಣಗಳಿಗೆ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲೂ ಇಂಥದೇ ಫಲ ಬಂತು; ಜಗತ್ತಿನಲ್ಲಿ ಅವನ್ನು ಮೊದಲು ಕಂಡದ್ದು ಈ ಎರಡು ಗಣಿಗಳ ತಂಡಗಳೇ. ಎಚ್ಚೆನ್ನರ ಗೌರಿಬಿದನೂರು ತಾಲ್ಲೂಕು ಕೂಡ ಈ ನಕ್ಷೆಯಲ್ಲಿದೆ. ದೂರದ ದೇಶಗಳಲ್ಲಿ ನೆಲದಡಿ ನಡೆಯುವ ಅಣುಸ್ಫೋಟಗಳನ್ನು ಪತ್ತೆ ಮಾಡುವ ಭೂಕಂಪನ ಮಾಪಕಗಳ ಸಾಲನ್ನು ಟ್ರಾಂಬೆಯ ಕೇಂದ್ರ ಬ್ರಿಟನ್ನಿನ ನೆರವಿನಿಂದ 1965ರಲ್ಲಿ ಅಲ್ಲಿ ನೆಟ್ಟಿತು.

ಇಂಥವರ ಹೆಸರನ್ನು ಉಳಿಸಲು ಏರ್ಪಾಡುಗಳು ಇಲ್ಲದಿಲ್ಲ. ಕರ್ನಾಟಕ ಸರ್ಕಾರ ವಿಜ್ಞಾನಿಗಳಿಗೆ ಕೊಡುವ ರಾಜ್ಯ ಪ್ರಶಸ್ತಿಗಳಲ್ಲಿ ಒಂದು ರಾಜಾ ರಾಮಣ್ಣನವರ ಹೆಸರಿನದು. ಇಂದೋರಿನ ಲೇಸರ್ ಮತ್ತು ವೇಗವರ್ಧಕ ಸಂಶೋಧನಾ ಕೇಂದ್ರ 2005ರಲ್ಲಿ ಅವರ ಹೆಸರು ಪಡೆಯಿತು. ನಿವೃತ್ತ ವಿಜ್ಞಾನಿಗಳು ಕೆಲಸ ಮುಂದುವರಿಸಲೆಂದು ಪರಮಾಣು ಶಕ್ತಿ ಇಲಾಖೆ ಕೊಡುವ ಫೆಲೋಶಿಪ್ಪಿಗೂ ಅದೇ ಹೆಸರು. ಇವೆಲ್ಲ ಸಲ್ಲಬೇಕಾದ ಗೌರವಗಳೇ. ಆದರೆ ಪ್ರಶಸ್ತಿ ತಲುಪುವುದು ವಿಜ್ಞಾನಿಗಳನ್ನು, ಸಮಾರಂಭದ ಸುದ್ದಿ ಪತ್ರಿಕೆಯಲ್ಲಿ ಒಂದು ದಿನ ಇರುತ್ತದೆ. ಪ್ರಶಸ್ತಿ ಪಡೆದವರು ಏನು ಮಾಡಿದರು ಎಂಬುದು ಊರಿಗೆ ತಿಳಿಯುವುದು ಅವರು ಸಾರ್ವಜನಿಕರೆದುರು ನಿಂತು ಮಾತಾಡಿದಾಗಲೇ. ಆ ಕೆಲಸವನ್ನು ವಾರವಾರ ಮಾಡುವ ಫೋರಂ ಯಾವ ಪದಕಕ್ಕೂ ಕಡಿಮೆಯ ಸ್ಮಾರಕವಲ್ಲ.

ಇದು ಎಷ್ಟು ಅಗತ್ಯ ಎಂಬುದನ್ನು ಕೈಗಾ ತೋರಿಸಿತು. ಉತ್ತರ ಕನ್ನಡದ ಕಾಡಿನಲ್ಲಿ ಅಣು ವಿದ್ಯುತ್ ಸ್ಥಾವರ ಬರುತ್ತದೆಂದಾಗ ನಾಡಿನಲ್ಲಿ ದೊಡ್ಡ ವಾದವೇ ನಡೆಯಿತು. ಅದನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. 1994ರ ಮೇ 13ರಂದು ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಭಾಗದ ಕಾಂಕ್ರೀಟು ಕಳಚಿ ಬಿತ್ತು. ಅದೇ ಘಟಕ ಮುಂದೆ, 2018ರ ಡಿಸೆಂಬರಿನ ಕೊನೆಗೆ, 962 ದಿನ ಎಡೆಬಿಡದೆ ನಡೆದು ಜಾಗತಿಕ ದಾಖಲೆ ಮಾಡಿತು. ಈ ಎರಡೂ ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಬಲ್ಲ ಓದುಗರು ನಾಡಿಗೆ ಬೇಕು. ವಿಕಿರಣದ ಪ್ರಮಾಣ ಎಂದರೇನು, ಬಳಸಿದ ಇಂಧನ ಎಷ್ಟು ಕಾಲ ಅಪಾಯಕಾರಿ, ಆಸ್ಪತ್ರೆಯ ಸ್ಕ್ಯಾನಿನಲ್ಲಿ ದೇಹಕ್ಕೆ ತಾಗುವುದೆಷ್ಟು ಎಂದು ಕೇಳಿ ತಿಳಿದವರು ಪರವಿರಲಿ ವಿರೋಧವಿರಲಿ, ನೆಲದ ಮೇಲೆ ನಿಂತು ಮಾತಾಡುತ್ತಾರೆ.

ಕೇಳಿ ತಿಳಿಯುವ ಈ ಅಭ್ಯಾಸವನ್ನೇ ಎಚ್ಚೆನ್ ಕಾಲೇಜಿನ ಆಚೆಗೂ ಒಯ್ದರು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸುವ ಸಮಿತಿಯೊಂದನ್ನು ರಚಿಸಿದರು. ತಮ್ಮ ಪವಾಡಗಳನ್ನು ಪರೀಕ್ಷೆಗೆ ಒಡ್ಡುವಂತೆ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಸಮಿತಿಗೆ ಟೀಕೆ ಸಾಕಷ್ಟು ಬಂತು, ಎಚ್ಚೆನ್ ಹಿಂಜರಿಯಲಿಲ್ಲ. ಬುಧವಾರದ ಸಭಿಕ ವಿಜ್ಞಾನಿಗೆ ಹಾಕುವ ಪ್ರಶ್ನೆಯನ್ನೇ ಅವರು ಅಲ್ಲಿಯೂ ಹಾಕಿದ್ದು. 1984ರಲ್ಲಿ ಪದ್ಮಭೂಷಣ ಬಂತು. 2005ರ ಜನವರಿ 31ರಂದು ತೀರಿಕೊಂಡರು. ಜಯನಗರ ಏಳನೇ ಬ್ಲಾಕಿನ ನ್ಯಾಷನಲ್ ಕಾಲೇಜಿನಲ್ಲಿರುವ ಕಲಾಕ್ಷೇತ್ರಕ್ಕೆ ಅವರದೇ ಹೆಸರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ಅವರು ಕಟ್ಟಿದ ನ್ಯಾಷನಲ್ ಕಾಲೇಜುಗಳಿವೆ.

ಜುಲೈ ಬಂತೆಂದರೆ ಫೋರಮ್ಮಿಗೆ ಹಬ್ಬ. ತಿಂಗಳಿಡೀ ನಡೆಯುವ ವಿಜ್ಞಾನೋತ್ಸವದಲ್ಲಿ ಉಪನ್ಯಾಸಗಳ ಜೊತೆ ವಿಜ್ಞಾನ ಚಿತ್ರಗಳ ಪ್ರದರ್ಶನವೂ ಇರುತ್ತದೆ. ಆಗಷ್ಟೇ ಕಾಲೇಜು ಶುರುವಾಗಿರುವ ಹುಡುಗ ಹುಡುಗಿಯರಿಗೆ ಒಂದೇ ತಿಂಗಳಲ್ಲಿ ಖಗೋಳದಿಂದ ಜೀವಕೋಶದವರೆಗೆ ಸುತ್ತಿ ಬರುವ ಅವಕಾಶ. ಹಸಿರು ಮಾರ್ಗದ ಮೆಟ್ರೋ ಬಂದ ಮೇಲೆ ತಲುಪುವುದೂ ಸುಲಭ. ನಿಲ್ದಾಣದ ಹೆಸರೇ ನ್ಯಾಷನಲ್ ಕಾಲೇಜು. ಜಯನಗರ, ಬನಶಂಕರಿ, ಜೆ.ಪಿ. ನಗರದವರಿಗೆ ಅದೇ ದಾರಿ.

ಒಂದು ಕೊರತೆಯನ್ನು ಹೇಳಲೇಬೇಕು. ಇಲ್ಲಿ ಕನ್ನಡದ ಉಪನ್ಯಾಸಗಳಿಗಿಂತ ಇಂಗ್ಲಿಷಿನವು ಹೆಚ್ಚು. ದೇಶದ ನಾನಾ ಕಡೆಯಿಂದ ಬಂದು ಇಲ್ಲಿನ ಸಂಸ್ಥೆಗಳಲ್ಲಿ ದುಡಿಯುವ ವಿಜ್ಞಾನಿಗಳು ಮಾತಾಡುವಾಗ ಅದು ಸಹಜ. ಆದರೆ ಕನ್ನಡದಲ್ಲಿ ಕಷ್ಟದ ವಿಜ್ಞಾನ ಹೇಳಲಾಗದು ಎಂಬ ಮಾತು ಸುಳ್ಳು. ಜೆ.ಆರ್. ಲಕ್ಷ್ಮಣರಾಯರು 'ಪರಮಾಣು ಚರಿತ್ರೆ'ಯನ್ನು ಕನ್ನಡದಲ್ಲೇ ಬರೆದರು. ಬನಶಂಕರಿ ಎರಡನೇ ಹಂತದಲ್ಲಿ ಕಚೇರಿ ಇರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲವಿಜ್ಞಾನ'ದ ಮೂಲಕ ಹಳ್ಳಿಯ ಶಾಲೆಗಳವರೆಗೂ ಕನ್ನಡದ ವಿಜ್ಞಾನವನ್ನು ಮುಟ್ಟಿಸಿದೆ. ಪ್ರಯೋಗಾಲಯಗಳಿಂದ ನಿವೃತ್ತರಾಗಿ ದಕ್ಷಿಣ ಬೆಂಗಳೂರಿನಲ್ಲಿ ನೆಲೆಸಿರುವ ಕನ್ನಡದ ವಿಜ್ಞಾನಿಗಳು ಬಹಳ ಮಂದಿ ಇದ್ದಾರೆ. ಅವರು ತಮ್ಮ ಜೀವಮಾನದ ಕೆಲಸವನ್ನು ಒಂದು ಬುಧವಾರ ಕನ್ನಡದಲ್ಲಿ ಹೇಳಲು ಮುಂದೆ ಬರಬೇಕು, ಫೋರಂ ಅವರನ್ನು ಹುಡುಕಿ ಕರೆಯಬೇಕು.